ಜೀವ ತುಂಬುವವರ ನಗೆ: ಹುಚ್ಚು ವಿಜ್ಞಾನಿಯ ಒಂದು ಅನಿಮೇಷನ್ ಕಿರುಚಿತ್ರ

ಹತ್ತೊಂಬತ್ತನೆಯ ಶತಮಾನದ ಯುರೋಪಿನ ಸಾಹಿತ್ಯದಿಂದ ಇಪ್ಪತ್ತನೆಯ ಶತಮಾನದ ಸಿನಿಮಾಕ್ಕೆ ಬಂದ ಪಾತ್ರಗಳಲ್ಲಿ ಹುಚ್ಚು ವಿಜ್ಞಾನಿಯ ಪಾತ್ರ ಅತ್ಯಂತ ದೀರ್ಘಾಯುಷಿಗಳಲ್ಲೊಂದು. ಊರಾಚೆಯ ಕೋಟೆ, ನೆಲಮಾಳಿಗೆಯ ಪ್ರಯೋಗಶಾಲೆ, ಕುದಿಯುವ ಗಾಜಿನ ಪಾತ್ರೆಗಳು, ಬಾಗಿಲ ಹಿಂದೆ ಕೂಡಿಹಾಕಿದ ವಿಕಾರ ಜೀವಿ, ಇವೆಲ್ಲವುಗಳ ನಡುವೆ ಕೈ ಹೊಸೆಯುತ್ತ ನಿಂತ ಪಂಡಿತ: ಈ ಸಾಮಗ್ರಿಯೆಲ್ಲ ಮೊದಲು ಓದುಗನನ್ನೂ ಪ್ರೇಕ್ಷಕನನ್ನೂ ಹೆದರಿಸಲು ಹುಟ್ಟಿಕೊಂಡಿತು, ಆದರೆ ಸಿನಿಮಾಕ್ಕೆ ಬಂದ ಕೆಲವೇ ವರ್ಷಗಳಲ್ಲಿ ಹಾಲಿವುಡ್ಡಿನ ಕಾರ್ಟೂನ್ ಕಲಾವಿದರು ಇದನ್ನು ಕೈಗೆತ್ತಿಕೊಂಡು ನಗೆಯ ಸಾಮಗ್ರಿಯನ್ನಾಗಿ ಮಾಡಿದರು. ಈ ಮಾರ್ಪಾಡಿನ ಅತ್ಯುತ್ತಮ ಮಾದರಿಯೆಂದು ಪರಿಗಣಿಸಬಹುದಾದ ಕೃತಿ 1946ರ ಮೇ ತಿಂಗಳಲ್ಲಿ ಬಿಡುಗಡೆಯಾದ ‘ಹೇರ್-ರೈಸಿಂಗ್ ಹೇರ್’ ಎಂಬ ಕಿರುಚಿತ್ರ. ವಾರ್ನರ್ ಬ್ರದರ್ಸ್ ಸಂಸ್ಥೆಯ ಕಾರ್ಟೂನ್ ವಿಭಾಗದಲ್ಲಿ ಚಕ್ ಜೋನ್ಸ್ ನಿರ್ದೇಶಿಸಿದ, ಟೆಡ್ ಪಿಯರ್ಸ್ ಕಥೆ ಬರೆದ, ಕಾರ್ಲ್ ಸ್ಟಾಲಿಂಗ್ ಸಂಗೀತ ಸಂಯೋಜಿಸಿದ, ಮೆಲ್ ಬ್ಲಾಂಕ್ ಕಂಠದಾನ ಮಾಡಿದ ಈ ಚಿತ್ರದ ಅವಧಿ ಏಳೆಂಟು ನಿಮಿಷ ಮಾತ್ರ. ಅಷ್ಟು ಕಿರಿದಾದ ಕೃತಿಯನ್ನು ಒಂದು ಉಪನ್ಯಾಸದ ವಿಷಯವಾಗಿ ಆರಿಸಿಕೊಂಡದ್ದಕ್ಕೆ ಕಾರಣವಿದೆ.

ಹುಚ್ಚು ವಿಜ್ಞಾನಿಯ ಕೆಲಸ ಜೀವವಿಲ್ಲದ ವಸ್ತುವಿಗೆ ಜೀವ ಬರಿಸುವುದು. ಅನಿಮೇಷನ್ ಕಲಾವಿದನ ಕೆಲಸವೂ ಅದೇ. ನಿಶ್ಚಲವಾದ ಸಾವಿರಾರು ರೇಖಾಚಿತ್ರಗಳನ್ನು ಒಂದರ ಹಿಂದೊಂದರಂತೆ ಛಾಯಾಗ್ರಹಣ ಮಾಡಿ, ಅವು ಉಸಿರಾಡುತ್ತಿವೆ, ಯೋಚಿಸುತ್ತಿವೆ, ನಾಚುತ್ತಿವೆ ಎಂಬ ನಂಬಿಕೆಯನ್ನು ನೋಡುವವರಲ್ಲಿ ಹುಟ್ಟಿಸುವ ಈ ಕಲೆ, ಹುಚ್ಚು ವಿಜ್ಞಾನಿಯ ಕಥೆಯನ್ನು ಹೇಳಲು ಹೊರಟಾಗ ತಿಳಿದೋ ತಿಳಿಯದೆಯೋ ತನ್ನ ಕಥೆಯನ್ನೇ ಹೇಳತೊಡಗುತ್ತದೆ. ಆದ್ದರಿಂದ ಇಲ್ಲಿಯ ನಗೆಯನ್ನು ವಿಜ್ಞಾನದ ಮೇಲಿನ ಲೇವಡಿಯೆಂದು ಓದುವುದಕ್ಕಿಂತ, ಸೃಷ್ಟಿಸುವವನು ತನ್ನ ಸೃಷ್ಟಿಯೊಡನೆ ಹೇಗೆ ನಡೆದುಕೊಳ್ಳಬೇಕು ಎಂಬ ಹಳೆಯ ಪ್ರಶ್ನೆಗೆ ಸೃಷ್ಟಿಕಾರರೇ ಕೊಟ್ಟ ಉತ್ತರವೆಂದು ಓದುವುದು ಹೆಚ್ಚು ಫಲಪ್ರದ ಎಂಬುದು ಈ ಉಪನ್ಯಾಸದ ವಾದ.

ಪಾತ್ರದ ವಂಶಾವಳಿಯನ್ನು ಸಂಕ್ಷೇಪವಾಗಿ ನೋಡಬಹುದು. ಮೇರಿ ಶೆಲ್ಲಿಯ ‘ಫ್ರಾಂಕನ್‌ಸ್ಟೈನ್’ ಕಾದಂಬರಿ 1818ರಲ್ಲಿ ಪ್ರಕಟವಾಯಿತು. ಅದರಲ್ಲಿ ವಿಕ್ಟರ್ ಎಂಬ ಯುವ ವಿದ್ಯಾರ್ಥಿ ತಾನೇ ಜೀವ ಕೊಟ್ಟ ಜೀವಿ ಕಣ್ಣು ತೆರೆದ ಕ್ಷಣದಲ್ಲಿ ಅದನ್ನು ನೋಡಲಾರದೆ ಓಡಿಹೋಗುತ್ತಾನೆ, ಮುಂದಿನ ಅನಾಹುತಗಳಿಗೆಲ್ಲ ಆ ಪರಿತ್ಯಾಗವೇ ಬೀಜವಾಗುತ್ತದೆ. 1886ರಲ್ಲಿ ಸ್ಟೀವನ್ಸನ್ನನ ಡಾಕ್ಟರ್ ಜೆಕಿಲ್ ಬಂದ, 1896ರಲ್ಲಿ ಎಚ್. ಜಿ. ವೆಲ್ಸ್‌ನ ಡಾಕ್ಟರ್ ಮೊರೊ, ಪ್ರಾಣಿಗಳನ್ನು ಶಸ್ತ್ರಚಿಕಿತ್ಸೆಯಿಂದ ಮನುಷ್ಯರನ್ನಾಗಿಸಲು ಹೊರಟವನು, ಬಂದ. ಸಿನಿಮಾದಲ್ಲಿ ಈ ಪಾತ್ರಕ್ಕೆ ರೂಪುರೇಖೆ ಕೊಟ್ಟವರಲ್ಲಿ ಇಬ್ಬರು ಮುಖ್ಯರು. 1927ರ ‘ಮೆಟ್ರೊಪೊಲಿಸ್’ನಲ್ಲಿ ಫ್ರಿಟ್ಸ್ ಲ್ಯಾಂಗ್ ಯಂತ್ರಸ್ತ್ರೀಯೊಬ್ಬಳನ್ನು ನಿರ್ಮಿಸುವ ರಾಟ್‌ವಾಂಗ್‌ನನ್ನು ತೋರಿಸಿದ, 1931ರಲ್ಲಿ ಯೂನಿವರ್ಸಲ್ ಸಂಸ್ಥೆಗಾಗಿ ಜೇಮ್ಸ್ ವೇಲ್ ನಿರ್ದೇಶಿಸಿದ ‘ಫ್ರಾಂಕನ್‌ಸ್ಟೈನ್’ ಚಿತ್ರದಲ್ಲಿ ಬೋರಿಸ್ ಕಾರ್ಲಾಫ್ ಜೀವಿಯ ಪಾತ್ರ ವಹಿಸಿದ, ಮತ್ತು ಕೆನೆತ್ ಸ್ಟ್ರಿಕ್‌ಫಾಡನ್ ಎಂಬ ತಂತ್ರಜ್ಞ ಜೋಡಿಸಿದ ವಿದ್ಯುತ್ ಉಪಕರಣಗಳ ಕಿಡಿಗಳು ಮುಂದೆ ಬಂದ ಅಸಂಖ್ಯ ಪ್ರಯೋಗಶಾಲೆಗಳಿಗೆ ಮಾದರಿಯಾದವು. ಶೆಲ್ಲಿಯ ಕಾದಂಬರಿಯ ಜೀವ ಬರಿಸುವ ದೃಶ್ಯದಲ್ಲಿ ಇಲ್ಲದ ವಿದ್ಯುತ್ ಕಿಡಿ, ಗುಡುಗು, ಗೂನುಬೆನ್ನಿನ ಸಹಾಯಕ ಮೊದಲಾದವು ಜನಮನದಲ್ಲಿ ಅಚ್ಚೊತ್ತಿ ನಿಂತದ್ದು ಈ ಚಿತ್ರದಿಂದಲೇ.

ಆ ಚಿತ್ರ ಬಂದು ಎರಡು ವರ್ಷ ಕಳೆಯುವ ಮೊದಲೇ, 1933ರ ಜನವರಿಯಲ್ಲಿ, ಡಿಸ್ನಿ ಸಂಸ್ಥೆ ‘ದ ಮ್ಯಾಡ್ ಡಾಕ್ಟರ್’ ಎಂಬ ಮಿಕ್ಕಿ ಮೌಸ್ ಕಿರುಚಿತ್ರವನ್ನು ಹೊರತಂದಿತು. ಡೇವಿಡ್ ಹ್ಯಾಂಡ್ ನಿರ್ದೇಶಿಸಿದ ಈ ಕಪ್ಪು-ಬಿಳುಪು ಚಿತ್ರದಲ್ಲಿ ವೈದ್ಯನೊಬ್ಬ ಮಿಕ್ಕಿಯ ನಾಯಿ ಪ್ಲೂಟೊವನ್ನು ಕದ್ದೊಯ್ದು, ಅದರ ತಲೆಯನ್ನು ಕೋಳಿಯ ಮುಂಡಕ್ಕೆ ಜೋಡಿಸುವ ಯೋಜನೆ ಹಾಕುತ್ತಾನೆ. ನೆರಳುಗಳ ರಚನೆಯಲ್ಲೂ ಆಳವಾದ ಕೋಣೆಗಳ ಚಿತ್ರಣದಲ್ಲೂ ಅದು ಅಸಾಧಾರಣ ಕೃತಿ. ಆದರೆ ಅದರ ಭಯ ನಿಜವಾದ ಭಯವೇ ಆಗಿ ಉಳಿಯುತ್ತದೆ, ನಗೆ ಅದರ ಅಂಚಿನಲ್ಲಿ ಅಲ್ಲಲ್ಲಿ ಅಂಟಿಕೊಂಡಿದೆ, ಮತ್ತು ಕೊನೆಗೆ ಮಿಕ್ಕಿ ಹಾಸಿಗೆಯಲ್ಲಿ ಎಚ್ಚೆತ್ತು ನಡೆದದ್ದೆಲ್ಲ ಕನಸೆಂದು ಅರಿಯುವುದರೊಂದಿಗೆ ಚಿತ್ರ ತನ್ನ ಸಮಸ್ಯೆಯಿಂದ ಜಾರಿಕೊಳ್ಳುತ್ತದೆ. ಭಯಾನಕವನ್ನು ಒಳಗಿನಿಂದಲೇ ಹಾಸ್ಯವಾಗಿ ತಿರುಗಿಸುವ ಬಗೆ ಇನ್ನೂ ಸಿಕ್ಕಿರಲಿಲ್ಲ.

ಹದಿಮೂರು ವರ್ಷಗಳ ನಂತರದ ‘ಹೇರ್-ರೈಸಿಂಗ್ ಹೇರ್’ನ ಕಥೆ ಹೀಗಿದೆ. ರಾತ್ರಿಯ ಹೊತ್ತು ಬಗ್ಸ್ ಬನ್ನಿ ಎಂಬ ಮೊಲ ನಿಲುವಂಗಿ ತೊಟ್ಟು, ಕೈಯಲ್ಲಿ ಮೊಂಬತ್ತಿ ಹಿಡಿದು ಬಿಲದಿಂದ ಹೊರಬಂದು, ತನ್ನನ್ನು ಯಾರೋ ನೋಡುತ್ತಿರುವಂತೆ ಅನ್ನಿಸುತ್ತಿದೆ ಎಂದು ಪ್ರೇಕ್ಷಕರೊಡನೆ ಹೇಳಿಕೊಳ್ಳುತ್ತದೆ. ಕ್ಯಾಮೆರಾ ಹಿಂದೆ ಸರಿದಾಗ ಆ ದೃಶ್ಯ ಒಂದು ಟೆಲಿವಿಷನ್ ಪರದೆಯ ಮೇಲೆ ಮೂಡಿದೆಯೆಂಬುದೂ ಅದನ್ನು ಕೋಟೆಯೊಳಗಿನ ವಿಜ್ಞಾನಿ ನೋಡುತ್ತಿದ್ದಾನೆಂಬುದೂ ತಿಳಿಯುತ್ತದೆ. ಟೆಲಿವಿಷನ್ ಇನ್ನೂ ಅಮೆರಿಕದ ಸಾಮಾನ್ಯ ಮನೆಗಳನ್ನು ಹೊಕ್ಕಿರದ ಆ ಕಾಲದಲ್ಲಿ, ಅದನ್ನು ಮನರಂಜನೆಯ ಸಾಧನವಾಗಿ ತೋರಿಸದೆ ಗುಟ್ಟಾಗಿ ಕಣ್ಣಿಡುವ ಸಾಧನವಾಗಿ ತೋರಿಸಿದ್ದು ಗಮನಾರ್ಹ. ಕೋಟೆಯ ಮೇಲೆ ಅಂಗಡಿಯ ಫಲಕದಂತೆ ಹತ್ತಿ ಆರುವ ದೀಪದ ಅಕ್ಷರಗಳು ಇವನು ದುಷ್ಟ ವಿಜ್ಞಾನಿಯೆಂದು ಸಾರುತ್ತಿರುತ್ತವೆ. ಬಾಗಿಲ ಹಿಂದಿನ ವಿಕಾರ ಜೀವಿಗೆ ಮೊಲವನ್ನು ಊಟವಾಗಿ ಕೊಡಬೇಕೆಂದು ವಿಜ್ಞಾನಿ ಕೀಲಿ ಕೊಟ್ಟರೆ ನಡೆಯುವ ಯಂತ್ರದ ಹೆಣ್ಣುಮೊಲವೊಂದನ್ನು ಕಳಿಸುತ್ತಾನೆ. ಬಗ್ಸ್ ಅದರ ಬೆನ್ನುಹತ್ತಿ ಕೋಟೆಗೆ ಬರುತ್ತದೆ. ಮುತ್ತಿಟ್ಟೊಡನೆ ಯಂತ್ರಮೊಲ ಚಕ್ರ ಸ್ಪ್ರಿಂಗುಗಳಾಗಿ ಚದುರಿಹೋಗುತ್ತದೆ. ಬಾಗಿಲಿಗೆ ಬೀಗ ಬೀಳುತ್ತದೆ, ರಾಕ್ಷಸ ಹೊರಬರುತ್ತದೆ, ಓಟ ಶುರುವಾಗುತ್ತದೆ.

ವಿಜ್ಞಾನಿಯ ಮುಖ ಮತ್ತು ಧ್ವನಿ ಆ ಕಾಲದ ಪ್ರೇಕ್ಷಕರಿಗೆ ಕೂಡಲೇ ಗುರುತು ಸಿಗುವಂಥವು, ಏಕೆಂದರೆ ಅವು ಪೀಟರ್ ಲೋರ್ ಎಂಬ ನಟನ ವ್ಯಂಗ್ಯಚಿತ್ರ. 1904ರಲ್ಲಿ ಅಂದಿನ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದಲ್ಲಿ, ಇಂದಿನ ಸ್ಲೊವಾಕಿಯಾಕ್ಕೆ ಸೇರಿದ ಊರಿನಲ್ಲಿ, ಯಹೂದಿ ಕುಟುಂಬದಲ್ಲಿ ಹುಟ್ಟಿದ ಲೋರ್, 1931ರಲ್ಲಿ ಫ್ರಿಟ್ಸ್ ಲ್ಯಾಂಗ್‌ನ ‘ಎಂ’ ಚಿತ್ರದಲ್ಲಿ ಮಕ್ಕಳನ್ನು ಕೊಲ್ಲುವ ರೋಗಗ್ರಸ್ತ ಮನುಷ್ಯನ ಪಾತ್ರದಿಂದ ಪ್ರಸಿದ್ಧನಾಗಿ, 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದಾಗ ಜರ್ಮನಿಯನ್ನು ತೊರೆದ. ಅಮೆರಿಕಕ್ಕೆ ಬಂದ ಮೇಲೆ 1935ರ ‘ಮ್ಯಾಡ್ ಲವ್’ ಚಿತ್ರದಲ್ಲಿ, ಕೈ ಕಳೆದುಕೊಂಡ ಪಿಯಾನೊ ವಾದಕನಿಗೆ ಕೊಲೆಗಾರನ ಕೈಗಳನ್ನು ಜೋಡಿಸುವ ಶಸ್ತ್ರವೈದ್ಯ ಗೊಗೊಲ್ ಆದ. 1944ರಲ್ಲಿ ವಾರ್ನರ್ ಸಂಸ್ಥೆಯದೇ ‘ಆರ್ಸೆನಿಕ್ ಅಂಡ್ ಓಲ್ಡ್ ಲೇಸ್’ ಎಂಬ ಹಾಸ್ಯಚಿತ್ರದಲ್ಲಿ ಮುಖ ಬದಲಿಸುವ ಕಳ್ಳ ವೈದ್ಯನಾದ. ಕಾರ್ಟೂನ್ ವಿಭಾಗದವರು ತಮ್ಮ ಸಂಸ್ಥೆಯ ನಟನನ್ನೇ ತಮ್ಮ ಚಿತ್ರಕ್ಕೆ ಎಳೆದುಕೊಂಡರು. 1947ರ ‘ಬರ್ತ್ ಆಫ್ ಎ ನೋಷನ್’ ಎಂಬ ಡ್ಯಾಫಿ ಡಕ್ ಚಿತ್ರದಲ್ಲೂ ಅದೇ ಮುಖ ವಿಜ್ಞಾನಿಯಾಗಿ ಮರಳಿತು.

ಈ ವ್ಯಂಗ್ಯಚಿತ್ರ ಕಲೆಯಾಗಿ ಅದ್ಭುತವಾಗಿದೆ: ಅರೆಮುಚ್ಚಿದ ದೊಡ್ಡ ಕಣ್ಣುಗಳು, ಮೂಗಿನಿಂದ ಹೊರಡುವ ಮೆಲುದನಿ, ಸಜ್ಜನಿಕೆಯ ಸೋಗಿನಲ್ಲಿರುವ ಕ್ರೌರ್ಯ. ಆದರೂ ಒಂದು ಮಾತನ್ನು ಹೇಳದೆ ಮುಂದೆ ಹೋಗುವುದು ತಪ್ಪಾಗುತ್ತದೆ. ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ನಿರಾಶ್ರಿತನೊಬ್ಬನ ಉಚ್ಚಾರಣೆ ಹಾಲಿವುಡ್ಡಿನಲ್ಲಿ ದುಷ್ಟ ಪಂಡಿತರೆಲ್ಲರ ಉಚ್ಚಾರಣೆಯಾಗಿ ನೆಲೆಗೊಂಡದ್ದು, ಮತ್ತು ಮುಂದಿನ ಹಲವು ದಶಕಗಳ ಮಕ್ಕಳು ಆ ಧಾಟಿಯನ್ನು ಕೇಳಿದೊಡನೆ ಖಳನನ್ನು ನಿರೀಕ್ಷಿಸಲು ಕಲಿತದ್ದು, ಆ ನಟನಿಗೂ ಅವನಂತೆ ದೇಶ ಬಿಟ್ಟು ಬಂದ ಸಾವಿರಾರು ವಿದ್ವಾಂಸರಿಗೂ ಆದ ಅನ್ಯಾಯ. ಲೋರ್ ತನ್ನ ಪಾತ್ರಗಳಲ್ಲಿ ತೋರುತ್ತಿದ್ದ ಒಳಗಿನ ನೋವು ವ್ಯಂಗ್ಯಚಿತ್ರದಲ್ಲಿ ಸೋಸಿಹೋಗಿ, ಹೊರಗಿನ ಚಹರೆ ಮಾತ್ರ ಉಳಿಯಿತು.

ಇನ್ನು, ರೇಖೆಗೆ ಜೀವ ಬರಿಸುವ ಕ್ರಿಯೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಚಿತ್ರದ ಅರ್ಥ ಅದರ ನಿರ್ಮಾಣಕ್ರಮದೊಳಗೇ ಇದೆ. ಸಿನಿಮಾ ಪ್ರೊಜೆಕ್ಟರಿನಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಹಾದುಹೋಗುತ್ತವೆ. ಏಳು ನಿಮಿಷದ ಚಿತ್ರವೊಂದಕ್ಕೆ 10,080 ಚೌಕಟ್ಟುಗಳು ಬೇಕು. ಒಂದೊಂದು ರೇಖಾಚಿತ್ರವನ್ನು ಎರಡೆರಡು ಚೌಕಟ್ಟುಗಳಿಗೆ ಬಳಸುವುದು ರೂಢಿಯಾಗಿದ್ದುದರಿಂದ ಸಂಖ್ಯೆ ಅರ್ಧಕ್ಕೆ ಇಳಿದರೂ, ಒಂದೇ ದೃಶ್ಯದಲ್ಲಿ ಎರಡು ಮೂರು ಪಾತ್ರಗಳಿದ್ದಾಗ ಮತ್ತೆ ಏರುತ್ತದೆ. ನಿರ್ದೇಶಕ ಪ್ರತಿ ಚಲನೆ ಎಷ್ಟು ಚೌಕಟ್ಟುಗಳಷ್ಟು ಕಾಲ ನಡೆಯಬೇಕೆಂಬುದನ್ನು ಮೊದಲೇ ನಿರ್ಧರಿಸಿ ಹಾಳೆಯಲ್ಲಿ ಗುರುತಿಸುತ್ತಿದ್ದ. ಮುಖ್ಯ ಭಂಗಿಗಳನ್ನು ಚಕ್ ಜೋನ್ಸ್ ಸ್ವತಃ ಬರೆದುಕೊಡುತ್ತಿದ್ದ. ಬೆನ್ ವಾಷಮ್, ಕೆನ್ ಹ್ಯಾರಿಸ್, ಬ್ಯಾಸಿಲ್ ಡೇವಿಡೊವಿಚ್, ಲಾಯ್ಡ್ ವಾನ್ ಎಂಬ ಕಲಾವಿದರು ಆ ಭಂಗಿಗಳನ್ನು ಚಲನೆಯಾಗಿ ಹೆಣೆದರು. ನಡುವಣ ಚಿತ್ರಗಳನ್ನು ಸಹಾಯಕರು ತುಂಬಿದರು. ಆಮೇಲೆ ಆ ರೇಖೆಗಳನ್ನು ಸೆಲ್ ಎಂದು ಕರೆಯುವ ಪಾರದರ್ಶಕ ಹಾಳೆಗಳ ಮೇಲೆ ಶಾಯಿಯಲ್ಲಿ ಇಳಿಸಿ, ಹಿಂಬದಿಯಿಂದ ಬಣ್ಣ ತುಂಬುವ ಕೆಲಸ ನಡೆಯುತ್ತಿತ್ತು. ಈ ಕೊನೆಯ ಕೆಲಸವನ್ನು ಅಂದಿನ ಅಮೆರಿಕದ ಸ್ಟುಡಿಯೊಗಳಲ್ಲಿ ಬಹುಪಾಲು ಮಹಿಳೆಯರು ಮಾಡುತ್ತಿದ್ದರು, ಮತ್ತು ಅವರ ಹೆಸರುಗಳು ತೆರೆಯ ಮೇಲೆ ಬರುತ್ತಿರಲಿಲ್ಲ. ಬಣ್ಣದ ಹಾಳೆಯನ್ನು ಹಿನ್ನೆಲೆ ಚಿತ್ರದ ಮೇಲಿಟ್ಟು ಚೌಕಟ್ಟು ಚೌಕಟ್ಟಾಗಿ ಸೆರೆಹಿಡಿದಾಗ ಮಾತ್ರ ಚಲನೆ ಹುಟ್ಟುತ್ತಿತ್ತು.

ಇಷ್ಟೆಲ್ಲ ಬಿಡಿಭಾಗಗಳನ್ನು ಜೋಡಿಸಿ ಒಂದು ಜೀವಿಯನ್ನು ಎಬ್ಬಿಸಿ ನಿಲ್ಲಿಸುವ ಕೆಲಸಕ್ಕೂ ಫ್ರಾಂಕನ್‌ಸ್ಟೈನನ ಕೆಲಸಕ್ಕೂ ಇರುವ ಹೋಲಿಕೆ ಮೇಲ್ನೋಟದ್ದಲ್ಲ. ಎರಡರಲ್ಲೂ ಜೋಡಣೆಗೆ ಮಿಕ್ಕದ್ದು ಒಂದಿದೆ. ಅದು ಬರದಿದ್ದರೆ ಎಷ್ಟು ಕೈಗಳು ದುಡಿದರೂ ತೆರೆಯ ಮೇಲೆ ಉಳಿಯುವುದು ಬಣ್ಣದ ಆಕಾರ ಮಾತ್ರ. ಚಕ್ ಜೋನ್ಸ್‌ನ ಕೆಲಸದಲ್ಲಿ ಆ ಮಿಕ್ಕದ್ದು ಸಿಗುವುದು ಪಾತ್ರದ ಆಕಾರದಲ್ಲಿ ಎನ್ನುವುದಕ್ಕಿಂತ ಅದು ಹೇಗೆ ನಡೆಯುತ್ತದೆ, ನಡೆಯುವ ಮೊದಲು ಎಷ್ಟು ಹೊತ್ತು ತಡೆಯುತ್ತದೆ, ತಡೆದಾಗ ಕಣ್ಣು ಎತ್ತ ಹೊರಳುತ್ತದೆ ಎಂಬುದರಲ್ಲಿ. ಈ ಚಿತ್ರದ ರಾಕ್ಷಸನನ್ನೇ ನೋಡಬಹುದು. ಕೆಂಬಣ್ಣದ ಕೂದಲಿನ ಒಂದು ದೊಡ್ಡ ರಾಶಿ, ಎರಡು ಕಣ್ಣು, ಉದ್ದನೆಯ ತೋಳು, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು. ಮೂಗು, ಕಿವಿ, ಕತ್ತು ಯಾವುದೂ ಎದ್ದುಕಾಣದ ಈ ರಾಶಿಗೆ ಮುಖಭಾವವೆಂಬುದೇ ಕಷ್ಟ. ಆದರೂ ಅದಕ್ಕೆ ಸಿಟ್ಟು, ಸಂಶಯ, ಸಂಕೋಚ, ಗಾಬರಿ ಎಲ್ಲವೂ ಬರುತ್ತವೆ, ಬರುವುದು ಕಾಣುತ್ತದೆ.

ಆ ಸಾಮರ್ಥ್ಯದ ಶಿಖರ ಉಗುರಿನ ಆರೈಕೆಯ ದೃಶ್ಯ. ಓಡಿ ಓಡಿ ಸಿಕ್ಕಿಬಿದ್ದ ಬಗ್ಸ್, ಮರುಕ್ಷಣದಲ್ಲಿ ಸೌಂದರ್ಯಗೃಹದ ಹುಡುಗಿಯ ಧಾಟಿಗೆ ತಿರುಗಿ, ರಾಕ್ಷಸನನ್ನು ಕುರ್ಚಿಯಲ್ಲಿ ಕೂರಿಸಿ, ರಾಕ್ಷಸರ ಬದುಕು ಎಷ್ಟು ಸ್ವಾರಸ್ಯವಾಗಿರಬೇಕೆಂದು ಬಾಯ್ತುಂಬ ಹರಟುತ್ತ ಅದರ ಉಗುರುಗಳನ್ನು ತಿದ್ದತೊಡಗುತ್ತದೆ. ಹೆದರಿಸುವುದಕ್ಕೆಂದೇ ಹುಟ್ಟಿದ ಜೀವಿ ಮೆತ್ತಗಾಗಿ ಕೈ ಚಾಚಿ ಕೂರುತ್ತದೆ. ಕೊನೆಗೆ ಬೆರಳು ಅದ್ದಲು ಇಟ್ಟ ನೀರಿನ ಬಟ್ಟಲಲ್ಲಿ ಇಲಿಬೋನುಗಳಿರುತ್ತವೆ, ಅದು ಬೇರೆ ಮಾತು. ಆ ಮೋಸಕ್ಕೆ ಮೊದಲಿನ ಅರ್ಧ ನಿಮಿಷವೇ ಇಲ್ಲಿ ಮುಖ್ಯ. ಶೆಲ್ಲಿಯ ಕಾದಂಬರಿಯ ಜೀವಿ ತನ್ನೊಡನೆ ಯಾರಾದರೂ ಕೂತು ಮಾತಾಡಲಿ ಎಂದು ಹಂಬಲಿಸುತ್ತದೆ, ಕುರುಡ ಮುದುಕನೊಬ್ಬನನ್ನು ಬಿಟ್ಟರೆ ಯಾರೂ ಅದರೊಡನೆ ಸ್ನೇಹದಿಂದ ಮಾತಾಡುವುದಿಲ್ಲ. 1818ರ ಆ ಜೀವಿಗೆ ಸಿಗದ ಉಪಚಾರ, ಸುಳ್ಳಾಗಿಯಾದರೂ, ಕ್ಷಣಕಾಲವಾದರೂ, ಈ ಕೆಂಬಣ್ಣದ ರಾಶಿಗೆ ಸಿಗುತ್ತದೆ. ಅದನ್ನು ಅದು ಎಷ್ಟು ಬೇಗ, ಎಷ್ಟು ನಂಬಿಕೆಯಿಂದ ಸ್ವೀಕರಿಸುತ್ತದೆಂಬುದರಲ್ಲಿ ನಗೆಯ ಜೊತೆಗೆ ಮರುಕವೂ ಇದೆ. ಜೀವಿಯನ್ನು ಮಾಡಿದ ವಿಜ್ಞಾನಿಗೆ ಹೊಳೆಯದ ಸಂಗತಿ, ಅಂದರೆ ಇದಕ್ಕೂ ಒಂದು ಒಳಬದುಕು ಇರಬಹುದೆಂಬುದು, ಜೀವಿಯನ್ನು ಬರೆದ ಕಲಾವಿದರಿಗೆ ಹೊಳೆದಿದೆ.

ಭಯ ಹೀಗೆ ನಗೆಯಾಗುವುದನ್ನು ವಿವರಿಸಲು ಭಾರತೀಯ ಕಾವ್ಯಮೀಮಾಂಸೆಯಲ್ಲಿ ಒಂದು ಉಪಯುಕ್ತ ಪರಿಕಲ್ಪನೆಯಿದೆ. ಶೃಂಗಾರ, ರೌದ್ರ, ವೀರ, ಬೀಭತ್ಸಗಳನ್ನು ಮೂಲರಸಗಳೆಂದು ಎಣಿಸುವ ಭರತಮುನಿ, ಶೃಂಗಾರದ ಅನುಕರಣೆಯಿಂದ ಹಾಸ್ಯ ಹುಟ್ಟುತ್ತದೆಂದು ಹೇಳುತ್ತಾನೆ. ಅವನ ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಕಾಶ್ಮೀರದ ಅಭಿನವಗುಪ್ತ ಇದನ್ನು ವಿಸ್ತರಿಸಿ, ಶೃಂಗಾರವೊಂದೇ ಅಲ್ಲ, ಯಾವ ರಸವಾದರೂ ಅನುಚಿತವಾದ ಸ್ಥಳದಲ್ಲಿ ತೋರಿಕೆಯಾಗಿ ಮಾತ್ರ ಮೂಡಿದಾಗ ಹಾಸ್ಯಕ್ಕೆ ದಾರಿಯಾಗುತ್ತದೆಂದು ತೋರಿಸಿದ. ಹೀಗೆ ರಸದಂತೆ ತೋರಿಯೂ ರಸವಾಗದೆ ಉಳಿಯುವುದನ್ನು ರಸಾಭಾಸ ಎನ್ನುತ್ತಾರೆ, ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯ ಮೂಲಕ ಈ ಮಾತು ಕನ್ನಡದ ಓದುಗರಿಗೆ ಪರಿಚಿತ. ‘ಹೇರ್-ರೈಸಿಂಗ್ ಹೇರ್’ ರಸಾಭಾಸಗಳ ಸರಮಾಲೆಯಾಗಿದೆ. ದುಷ್ಟತನ ದೀಪದ ಫಲಕ ಹಾಕಿಕೊಂಡಾಗ ಭಯಾನಕದ ಆಭಾಸ, ಯಂತ್ರಕ್ಕೆ ಮುತ್ತಿಟ್ಟಾಗ ಶೃಂಗಾರದ ಆಭಾಸ, ರಕ್ಕಸನ ಪಂಜ ಮೇಜಿನ ಮೇಲೆ ಆರೈಕೆಗೆ ಚಾಚಿಕೊಂಡಾಗ ರೌದ್ರದ ಆಭಾಸ. ಭಯದ ಸಾಮಗ್ರಿಯಲ್ಲಿ ಯಾವುದನ್ನೂ ಕಳೆದಿಲ್ಲ. ಕೋಟೆಯ ಚಿತ್ರಣ ನಿಜಕ್ಕೂ ಗಂಭೀರವಾಗಿದೆ, ಸ್ಟಾಲಿಂಗ್‌ನ ಸಂಗೀತ ನಿಜಕ್ಕೂ ನಡುಗಿಸುತ್ತದೆ. ಆ ಗಾಂಭೀರ್ಯವನ್ನು ಉಳಿಸಿಕೊಂಡದ್ದರಿಂದಲೇ ಆಭಾಸ ಆಭಾಸವಾಗಿ ಕಾಣುತ್ತದೆ.

ಆದರೆ ರಸಾಭಾಸದ ಸೂತ್ರ ಚಿತ್ರದ ಅತ್ಯಂತ ದಿಟ್ಟ ಕ್ಷಣವನ್ನು ಪೂರ್ತಿ ವಿವರಿಸಲಾರದು. ಇನ್ನೇನು ರಾಕ್ಷಸನ ಕೈಗೆ ಸಿಕ್ಕಿತು ಎನ್ನುವಾಗ ಬಗ್ಸ್ ತೆರೆಯ ಆಚೆಗೆ, ಚಿತ್ರಮಂದಿರದಲ್ಲಿ ಕುಳಿತವರ ಕಡೆಗೆ ಬೊಟ್ಟುಮಾಡುತ್ತದೆ. ರಾಕ್ಷಸ ತಿರುಗಿ ನೋಡುತ್ತದೆ; ಅಲ್ಲಿ ಮನುಷ್ಯರಿರುವುದನ್ನು ಕಂಡು ಕಿಟಾರನೆ ಕಿರುಚಿ, ಕೋಟೆಯ ಗೋಡೆಗಳನ್ನು ಒಂದಾದಮೇಲೊಂದರಂತೆ ಸೀಳಿಕೊಂಡು, ಪ್ರತಿ ಗೋಡೆಯಲ್ಲೂ ತನ್ನ ಆಕಾರದ ತೂತು ಬಿಟ್ಟು ಓಡಿಹೋಗುತ್ತದೆ. ಇದಕ್ಕೂ ಮೊದಲು ಬಗ್ಸ್ ಸಭೆಯಲ್ಲಿ ಯಾರಾದರೂ ವೈದ್ಯರಿದ್ದಾರೆಯೇ ಎಂದು ಕೇಳಿ, ತೆರೆಯ ಕೆಳಗಿನಿಂದ ಪ್ರೇಕ್ಷಕನೊಬ್ಬನ ನೆರಳು ಎದ್ದು ನಿಂತು ತಾನಿದ್ದೇನೆಂದಾಗ, ತನ್ನ ಎಂದಿನ ಕುಶಲಪ್ರಶ್ನೆಯನ್ನು ಅವನಿಗೆ ಹಾಕಿ ಸುಮ್ಮನಾಗಿರುತ್ತದೆ. ಮೊದಲನೆಯದು ಹುಡುಗಾಟವಾಗಿದ್ದರೆ ಎರಡನೆಯದು ಅದೇ ಬಾಗಿಲನ್ನು ಬಳಸಿ ಭಯದ ದಿಕ್ಕನ್ನೇ ಬದಲಿಸುತ್ತದೆ.

ಜೇಮ್ಸ್ ವೇಲ್‌ನ 1931ರ ಚಿತ್ರ ಶುರುವಾಗುವುದೂ ಪ್ರೇಕ್ಷಕರೊಡನೆ ನೇರವಾಗಿ ಆಡುವ ಮಾತಿನಿಂದಲೇ: ಎಡ್ವರ್ಡ್ ವ್ಯಾನ್ ಸ್ಲೋನ್ ಎಂಬ ನಟ ಪರದೆಯ ಮುಂದೆ ಬಂದು, ಇದು ನಿಮ್ಮನ್ನು ತಲ್ಲಣಗೊಳಿಸಬಹುದೆಂದು ಎಚ್ಚರಿಸಿ ಹೋಗುತ್ತಾನೆ. ಅಲ್ಲಿ ತೆರೆಯ ಒಳಗಿನವರು ಹೊರಗಿನವರನ್ನು ಹೆದರಿಸುತ್ತಾರೆ. ಹದಿನೈದು ವರ್ಷಗಳ ನಂತರದ ಕಾರ್ಟೂನಿನಲ್ಲಿ ಹೊರಗಿನವರನ್ನು ಕಂಡು ಒಳಗಿನವನು ಹೆದರುತ್ತಾನೆ. ರಾಕ್ಷಸ ಹೆದರಿದ್ದರಲ್ಲಿ ವಿವೇಕವಿಲ್ಲವೆಂದು ಹೇಳಲಾಗದು. ಶೆಲ್ಲಿಯ ಜೀವಿಯನ್ನು ಕಲ್ಲೆಸೆದು ಓಡಿಸಿದವರೂ ವೇಲ್‌ನ ಚಿತ್ರದ ಕೊನೆಯಲ್ಲಿ ಪಂಜು ಹಿಡಿದು ಬೆನ್ನಟ್ಟಿದವರೂ ಮನುಷ್ಯರೇ. ರಾಕ್ಷಸನ ಕಣ್ಣಿನಿಂದ ನೋಡಿದರೆ ಕತ್ತಲಲ್ಲಿ ಸಾಲುಸಾಲಾಗಿ ಕೂತು ತನ್ನನ್ನೇ ದಿಟ್ಟಿಸುತ್ತಿರುವ ನೂರಾರು ಮುಖಗಳಷ್ಟು ಭೀಕರವಾದದ್ದು ಬೇರೆ ಇರಲಾರದು. ಈ ದೃಶ್ಯವನ್ನು ದೊಡ್ಡ ಚಿತ್ರಮಂದಿರದಲ್ಲಿ ನೋಡುವವರಿಗೆಂದು ರಚಿಸಿದ್ದರೂ, 1995ರಲ್ಲಿ ಭಾರತದಲ್ಲಿ ಕಾರ್ಟೂನ್ ನೆಟ್‌ವರ್ಕ್ ವಾಹಿನಿ ಆರಂಭವಾದ ಮೇಲೆ ವಾರ್ನರ್ ಕಾರ್ಟೂನುಗಳನ್ನು ಮನೆಯ ನಡುಮನೆಯಲ್ಲಿ ಕೂತು ನೋಡಿ ಬೆಳೆದ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಒಂದು ತಲೆಮಾರಿಗೂ ಅದು ಅರ್ಥವಾಗುವುದಕ್ಕೆ ಅಡ್ಡಿಯಿಲ್ಲ. ನೋಡುವವನು ಒಬ್ಬನೇ ಆದರೂ ನೋಟದ ಬಲ ಅಷ್ಟೇ ಇರುತ್ತದೆ.

ಇಲ್ಲಿಯವರೆಗಿನ ಮೆಚ್ಚುಗೆಗೆ ಚಿತ್ರದ ಇನ್ನೊಂದು ಜೀವಿ, ಯಂತ್ರದ ಹೆಣ್ಣುಮೊಲ, ತಡೆ ಹಾಕುತ್ತದೆ. ಅದರ ಹಿಂದೆಯೂ ಒಂದು ದೊಡ್ಡ ಪರಂಪರೆಯಿದೆ. 1816ರಲ್ಲಿ ಜರ್ಮನ್ ಲೇಖಕ ಇ. ಟಿ. ಎ. ಹಾಫ್‌ಮನ್ ಬರೆದ ‘ಮರಳುಗಾರ’ ಎಂಬ ಕಥೆಯಲ್ಲಿ ವಿದ್ಯಾರ್ಥಿಯೊಬ್ಬ ಪ್ರಾಧ್ಯಾಪಕನ ಮಗಳೆಂದು ಭಾವಿಸಿ ಒಲಿಂಪಿಯಾ ಎಂಬ ಬೊಂಬೆಯನ್ನು ಪ್ರೀತಿಸುತ್ತಾನೆ, ಸತ್ಯ ತಿಳಿದಾಗ ಬುದ್ಧಿ ಕಳೆದುಕೊಳ್ಳುತ್ತಾನೆ. ಆ ಕಥೆಯಿಂದ ಹುಟ್ಟಿದ ‘ಕೊಪೇಲಿಯಾ’ ಎಂಬ ಬ್ಯಾಲೆ 1870ರಲ್ಲೂ ಆಫೆನ್‌ಬಾಕನ ‘ದ ಟೇಲ್ಸ್ ಆಫ್ ಹಾಫ್‌ಮನ್’ ಎಂಬ ಗೀತನಾಟಕ 1881ರಲ್ಲೂ ರಂಗವೇರಿದವು. ‘ಮೆಟ್ರೊಪೊಲಿಸ್’ನ ಯಂತ್ರಸ್ತ್ರೀ ಇದೇ ಕುಲದವಳು. ಇವರೆಲ್ಲರಂತೆ ಕಾರ್ಟೂನಿನ ಯಂತ್ರಮೊಲಕ್ಕೂ ಗಂಡಸರನ್ನು ಸೆಳೆಯುವುದನ್ನು ಬಿಟ್ಟು ಬೇರೆ ಕೆಲಸವಿಲ್ಲ. ರಾಕ್ಷಸನಿಗೆ ಒಳಬದುಕನ್ನು ದಾನ ಮಾಡಿದ ಕಲಾವಿದರು ಈ ಜೀವಿಗೆ ಏನನ್ನೂ ಕೊಡಲಿಲ್ಲ. ಅದು ತುಂಡಾಗಿ ಬಿದ್ದಾಗ ಬಗ್ಸ್ ಹೆಣ್ಣುಗಳ ಬಗ್ಗೆ ಒಂದು ಹಗುರ ಮಾತಾಡಿ ಮುಂದೆ ಹೋಗುತ್ತದೆ. ಅಂದಿನ ಸ್ಟುಡಿಯೊಗಳಲ್ಲಿ ಕಥೆ ಕಟ್ಟುವ ಕೋಣೆ ಬಹುತೇಕ ಗಂಡಸರದೇ ಆಗಿತ್ತೆಂಬುದು ಇಂಥ ಕಡೆಗಳಲ್ಲಿ ಕಾಣುತ್ತದೆ.

ಆದರೆ ಅದೇ ಯಂತ್ರಮೊಲ ಕೊನೆಯ ದೃಶ್ಯದಲ್ಲಿ ಮರಳಿ ಬಂದಾಗ ಚಿತ್ರ ಮತ್ತೊಂದು ಎತ್ತರಕ್ಕೆ ಏರುತ್ತದೆ. ರಾಕ್ಷಸ ಓಡಿಹೋದ ಮೇಲೆ, ತನ್ನ ಮುಂದೆ ಹಾದುಹೋಗುವ ಈ ಚೆಲುವೆಯನ್ನು ಕಂಡು ಬಗ್ಸ್ ಇದು ಯಂತ್ರವೆಂದು ತಿರಸ್ಕಾರದಿಂದ ಹೇಳುತ್ತದೆ. ಅದು ಹತ್ತಿರ ಬಂದು ಮುತ್ತಿಡುತ್ತದೆ. ಯಂತ್ರವಾದರೇನಂತೆ ಎಂದುಕೊಂಡು ಬಗ್ಸ್ ತಾನೂ ಕೀಲಿಬೊಂಬೆಯ ಹೆಜ್ಜೆಯಲ್ಲಿ ಸೆಟೆದುಕೊಂಡು ಅದರ ಹಿಂದೆ ನಡೆಯತೊಡಗುತ್ತದೆ. ಫ್ರೆಂಚ್ ತತ್ತ್ವಜ್ಞಾನಿ ಹೆನ್ರಿ ಬರ್ಗ್‌ಸನ್ 1900ರಲ್ಲಿ ನಗೆಯ ಕುರಿತು ಪ್ರಕಟಿಸಿದ ಗ್ರಂಥದಲ್ಲಿ, ಜೀವಂತಿಕೆಯ ಮೇಲೆ ಯಾಂತ್ರಿಕತೆ ಹೊದ್ದುಕೊಂಡಾಗ ನಗು ಬರುತ್ತದೆಂದೂ, ಯಂತ್ರದಂತೆ ಮರಗಟ್ಟಿದವರನ್ನು ಬದುಕಿನ ಹರಿವಿಗೆ ಮರಳಿ ತರಲು ಸಮಾಜ ನಗೆಯ ಮೂಲಕ ದಂಡಿಸುತ್ತದೆಂದೂ ವಾದಿಸಿದ. ಈ ಮುಕ್ತಾಯ ಬರ್ಗ್‌ಸನ್ನನ ಮೊದಲ ಮಾತಿಗೆ ಪಠ್ಯಪುಸ್ತಕದ ಉದಾಹರಣೆಯಂತಿದ್ದರೂ ಎರಡನೆಯ ಮಾತನ್ನು ಒಪ್ಪುವುದಿಲ್ಲ, ಏಕೆಂದರೆ ಬಗ್ಸ್ ತಿಳಿದೇ, ಬೇಕೆಂದೇ, ಸಂತೋಷದಿಂದ ಯಂತ್ರದ ನಡೆಯನ್ನು ತೊಡುತ್ತದೆ. ಹಾಫ್‌ಮನ್ನನ ವಿದ್ಯಾರ್ಥಿ ಸತ್ಯ ತಿಳಿದು ಹುಚ್ಚನಾದ. ಮೊಲ ಸತ್ಯ ತಿಳಿದೂ ಹಿಂದೆ ಹೋಗುತ್ತದೆ. ಬಗ್ಸ್ ಕೂಡ ರೇಖೆ ಮತ್ತು ಬಣ್ಣಗಳಿಂದ ಜೋಡಿಸಿದ ಒಂದು ಯಂತ್ರವೇ ಆಗಿರುವಾಗ, ಅದಕ್ಕೆ ಯಂತ್ರಮೊಲವನ್ನು ಕೀಳಾಗಿ ಕಾಣುವ ಅಧಿಕಾರ ಎಲ್ಲಿಂದ ಬಂದೀತು? ಚಿತ್ರಕಾರರು ತಮ್ಮ ಕಲೆಯ ಬಗ್ಗೆ ಹೇಳಬಹುದಾಗಿದ್ದ ಅತ್ಯಂತ ಪ್ರಾಮಾಣಿಕವಾದ ಮಾತು ಇದು, ಮತ್ತು ಇದನ್ನು ಅವರು ನಾಲ್ಕು ಹೆಜ್ಜೆಗಳ ಚಲನೆಯಲ್ಲಿ ಹೇಳಿ ಮುಗಿಸಿದ್ದಾರೆ.

ಈ ಚಿತ್ರ ತೆರೆಕಂಡದ್ದು ಹಿರೋಶಿಮಾ ಮತ್ತು ನಾಗಸಾಕಿಗಳ ಮೇಲೆ ಬಾಂಬು ಬಿದ್ದ ಒಂಬತ್ತು ತಿಂಗಳ ನಂತರ. ಆ ಕಾರಣದಿಂದ ಇದನ್ನು ಅಣುಯುಗದ ವಿಜ್ಞಾನಭೀತಿಗೆ ಕೊಟ್ಟ ಪ್ರತಿಕ್ರಿಯೆಯೆಂದು ಓದುವ ಆಸೆ ಸಹಜವೇ. ಆದರೆ ಇಂಥ ಚಿತ್ರವೊಂದರ ತಯಾರಿಕೆಗೆ ಹಲವು ತಿಂಗಳು ಹಿಡಿಯುತ್ತಿದ್ದುದರಿಂದಲೂ, ಚಿತ್ರದ ವಿಜ್ಞಾನಿ ಯಾವ ಪ್ರಯೋಗವನ್ನೂ ಮಾಡದೆ ಸಾಕಿದ ಜೀವಿಗೆ ಊಟ ಹುಡುಕುವುದರಲ್ಲೇ ತೊಡಗಿರುವುದರಿಂದಲೂ, ಆ ಓದಿಗೆ ಆಧಾರ ಸಾಲದು. ಫ್ರಾಂಕನ್‌ಸ್ಟೈನನಿಗಿಂತ ಇವನು ಒಂದು ವಿಷಯದಲ್ಲಿ ವಾಸಿ ಎಂಬುದನ್ನೂ ನ್ಯಾಯಕ್ಕಾಗಿ ಹೇಳಬೇಕು: ತನ್ನ ಜೀವಿಯನ್ನು ಇವನು ಬಿಟ್ಟು ಓಡಿಹೋಗಿಲ್ಲ, ಅದರ ಹಸಿವಿನ ಚಿಂತೆ ಇವನಿಗಿದೆ. ಬೀಗ ಹಾಕಿದ ಬಾಗಿಲ ಹಿಂದೆ ಇಡುವುದನ್ನೂ ಸಾಕುವುದೆಂದೇ ಭಾವಿಸಿದ್ದು ಇವನ ದೋಷ.

1952ರಲ್ಲಿ ಚಕ್ ಜೋನ್ಸ್ ಅದೇ ವಸ್ತುವಿಗೆ ಮರಳಿ ‘ವಾಟರ್, ವಾಟರ್ ಎವ್ರಿ ಹೇರ್’ ಎಂಬ ಚಿತ್ರ ಮಾಡಿದ. ಕಥೆ ಮೈಕಲ್ ಮಾಲ್ಟೀಸ್‌ನದು. ಈ ಬಾರಿ ನೆರೆ ನೀರು ಬಿಲಕ್ಕೆ ನುಗ್ಗಿ, ನಿದ್ದೆಹೋದ ಬಗ್ಸ್‌ನನ್ನು ಹಾಸಿಗೆಸಮೇತ ತೇಲಿಸಿಕೊಂಡು ಕೋಟೆಗೆ ತರುತ್ತದೆ. ಹೊಸ ವಿಜ್ಞಾನಿಗೆ ತಾನು ಕಟ್ಟಿದ ಯಂತ್ರಮಾನವನಿಗೆ ಹಾಕಲು ಜೀವಂತ ಮೆದುಳು ಬೇಕಾಗಿದೆ. ಕೆಂಬಣ್ಣದ ರಾಕ್ಷಸನಿಗೆ ಇಲ್ಲಿ ರುಡಾಲ್ಫ್ ಎಂಬ ಹೆಸರಿದೆ. 1980ರ ಡ್ಯಾಫಿ ಡಕ್ ಚಿತ್ರವೊಂದರಲ್ಲಿ ಗಾಸಮರ್ ಎಂಬ ಹೆಸರು ಬಂದು ಅದೇ ನೆಲೆನಿಂತಿತು. ಉಗುರಿನ ಆರೈಕೆಯ ಜಾಗದಲ್ಲಿ ಕೇಶಾಲಂಕಾರ ಬಂದಿದೆ, ಸುರುಳಿ ಸುತ್ತುವ ಕಡ್ಡಿಗಳ ಬದಲು ಡೈನಮೈಟ್ ಕಡ್ಡಿಗಳು ಬಂದಿವೆ. ಬಣ್ಣ, ವಿನ್ಯಾಸ, ಕಾಲನಿಯಂತ್ರಣ ಎಲ್ಲದರಲ್ಲೂ ಇದು ಹೆಚ್ಚು ನಯಗೊಂಡ ಕೃತಿಯಾದರೂ, ಮೊದಲನೆಯದರಲ್ಲಿ ರಾಕ್ಷಸ ಪ್ರೇಕ್ಷಕರನ್ನು ಕಂಡು ಓಡಿದಂಥ ಕ್ಷಣ ಇದರಲ್ಲಿಲ್ಲ. ಇಲ್ಲಿ ರಾಕ್ಷಸ ಔಷಧಿಯಿಂದ ಕುಗ್ಗಿ ಇಲಿಗಿಂತ ಚಿಕ್ಕದಾಗುತ್ತದೆ ಮಾತ್ರ. ಈಥರ್ ಎಂಬ ಮಂಪರು ಬರಿಸುವ ರಾಸಾಯನಿಕದ ಸೀಸೆ ಒಡೆದು, ವಿಜ್ಞಾನಿಯೂ ಮೊಲವೂ ನಿಧಾನಗತಿಯಲ್ಲಿ ತೇಲುತ್ತ ಓಡುವ ದೃಶ್ಯ ಮಾತ್ರ ಚಲನೆಯ ಮೇಲಿನ ಪ್ರಭುತ್ವದಲ್ಲಿ ಹಿಂದಿನ ಚಿತ್ರವನ್ನೂ ಮೀರಿಸುತ್ತದೆ.

ಅದರ ಮುಕ್ತಾಯ ‘ದ ಮ್ಯಾಡ್ ಡಾಕ್ಟರ್’ ಬಿಟ್ಟುಹೋದ ಎಳೆಯನ್ನು ಎತ್ತಿಕೊಳ್ಳುತ್ತದೆ. ನೀರಿನಲ್ಲಿ ತೇಲಿ ತನ್ನ ಬಿಲಕ್ಕೆ ಮರಳಿದ ಬಗ್ಸ್ ಎಚ್ಚೆತ್ತು, ಕಂಡದ್ದೆಲ್ಲ ದುಃಸ್ವಪ್ನವಾಗಿರಬೇಕೆಂದು ಸಮಾಧಾನಪಟ್ಟ ಕೂಡಲೇ, ಇಲಿಗಿಂತ ಚಿಕ್ಕದಾದ ರಾಕ್ಷಸ ಪುಟ್ಟ ದೋಣಿಯಲ್ಲಿ ಹುಟ್ಟು ಹಾಕುತ್ತ ಹಾದುಹೋಗಿ, ಹಾಗೆಂದು ನೀನು ತಿಳಿದುಕೊಂಡಿದ್ದೀಯೆ ಅಷ್ಟೆ ಎಂಬ ಅರ್ಥದ ಮಾತನ್ನು ಎಸೆಯುತ್ತದೆ. 1933ರಲ್ಲಿ ಕನಸಿನ ನೆಪದಿಂದ ಅಳಿಸಿಹಾಕಿದ ಜೀವಿಗಳಿಗೆ 1952ರಲ್ಲಿ ಉಳಿಯುವ ಹಕ್ಕು ಸಿಕ್ಕಿದೆ; ಅಷ್ಟೇ ಅಲ್ಲ, ಕಥೆಯ ಕೊನೆಯ ಮಾತನ್ನು ಆಡುವ ಹಕ್ಕೂ ನಾಯಕನಿಗೆ ತಪ್ಪಿ ಅದಕ್ಕೇ ಸಿಕ್ಕಿದೆ.